ಸುದ್ದಿಯಕ್ಕ ತಲೆಯಾಡಿಸಿದ್ದು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸುದ್ದಿಯಕ್ಕ ಎಂದು ಕರೆಯುತ್ತಿದ್ದರು. ಕರೆಯುತ್ತಿದ್ದರು ಅನ್ನುವುದು ಮಾತಿಗೆ. ಕರೆದರೆ ಅವಳಿಗೆ ಕೇಳುತ್ತಿರಲಿಲ್ಲ. ಮೇಜಿನ ಅಂಚನ್ನು ಮೆಲ್ಲಗೆ ತಟ್ಟಬೇಕು, ಇಲ್ಲವೇ ಕಣ್ಣ ಮುಂದೆ ಕೈಯಾಡಿಸಬೇಕು. ಆಗ ತಲೆಯೆತ್ತಿ, ಎಲ್ಲೋ ಬಲು ದೂರದಿಂದ ನಡೆದು ಬಂದವಳ ಹಾಗೆ ನಗುತ್ತಿದ್ದಳು.

ಕಂಪನಿ ಮಾಡುತ್ತಿದ್ದುದು ಒಂದೇ ಸಾಮಾನು. ಬೇರೆ ಬೇರೆ ಊರುಗಳಲ್ಲಿ ಕೂತ ಜನ ಒಂದೇ ಪುಟದ ಮೇಲೆ ಒಟ್ಟಿಗೇ ಬರೆಯಬಹುದಾದ ಸಾಫ್ಟ್‌ವೇರ್. ಶಾಲೆಯವರು ಅದರಲ್ಲಿ ಪಾಠ ಬರೆಯುತ್ತಿದ್ದರು, ಆಸ್ಪತ್ರೆಯವರು ಪಾಳಿ ಹಂಚಿಕೊಳ್ಳುತ್ತಿದ್ದರು, ಎಲ್ಲೋ ಇಬ್ಬರು ಅಣ್ಣತಮ್ಮಂದಿರು ಹೊಸ ಮನೆಯ ನಕ್ಷೆಗಾಗಿ ಜಗಳವಾಡುತ್ತಿದ್ದರು. ವಾರ ವಾರವೂ ಅದಕ್ಕೆ ಹೊಸದೇನಾದರೂ ಸೇರುತ್ತಿತ್ತು, ಕೆಟ್ಟದ್ದು ರಿಪೇರಿಯಾಗುತ್ತಿತ್ತು. ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಬಳಸುವವರಿಗೆ ತಿಳಿಯುವ ಹಾಗೆ ಕಂಪನಿಯ ಸುದ್ದಿಪುಟದಲ್ಲಿ ಬರೆಯುವುದು ಅವಳ ಕೆಲಸ. ಎಂಜಿನಿಯರುಗಳು ಹೇಳಿದ್ದನ್ನು ಹೇಳಿದ ಹಾಗೇ ಬರೆದರೆ ಓದುವವರ ತಲೆ ತಿರುಗುತ್ತದೆ. ಅವಳು ಬರೆದದ್ದು ಹೀಗಿರುತ್ತಿತ್ತು:

“ಇಬ್ಬರು ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ ಬರೆದರೂ ಇನ್ನು ಯಾರ ಮಾತೂ ಕಳೆದುಹೋಗುವುದಿಲ್ಲ. ಮೊದಲು ಬಂದದ್ದು ಮೊದಲು ಕೂರುತ್ತದೆ, ಆಮೇಲೆ ಬಂದದ್ದು ಅದರ ಪಕ್ಕ. ಊಟಕ್ಕೆ ತಡವಾಗಿ ಬಂದವರಿಗೆ ಉಳಿದವರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರಲ್ಲ, ಹಾಗೆ.”

ಅವಳಿಗೆ ಹುಟ್ಟಿನಿಂದ ಕಿವುಡಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಜ್ವರ ಬಂತು. ಜ್ವರ ಬಿಟ್ಟು ಎದ್ದು ಕೂತಾಗ ಅಮ್ಮನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಅಮ್ಮ ಆಟವಾಡುತ್ತಿದ್ದಾಳೆ ಅಂದುಕೊಂಡು ಅವಳು ನಕ್ಕಳಂತೆ. ಅಮ್ಮ ಅಳುವುದನ್ನು ನೋಡಿದ ಮೇಲೆ ನಗು ನಿಲ್ಲಿಸಿದಳು.

ಅಲ್ಲಿಯವರೆಗೆ ಕೇಳಿದ ದನಿಗಳಷ್ಟೇ ಅವಳ ಆಸ್ತಿ. ಹೊಸ ದನಿ ಬರುವ ದಾರಿಯಿಲ್ಲದ್ದರಿಂದ, ಬದುಕಿನಲ್ಲಿ ಹೊಸದಾಗಿ ಬಂದವರಿಗೆ ಹಳೆಯ ದನಿಗಳನ್ನೇ ಹಂಚುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಕೊಟ್ಟದ್ದು, ಸಂಜೆ ಹೊತ್ತು ಅವಳ ಬೀದಿಯಲ್ಲಿ ಕೈಗಾಡಿ ತಳ್ಳುತ್ತ ಐಸ್ ಮಾರುತ್ತಿದ್ದವನ ದನಿ. ಅವಳ ಬಳಿ ಇದ್ದುದರಲ್ಲೆಲ್ಲ ಸಿಹಿಯಾದದ್ದು. ಅತ್ತೆಗೆ ಸಿಕ್ಕಿದ್ದು ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ ಹೆಂಗಸಿನ ದನಿ. ಹಾಗಾಗಿ ಅತ್ತೆ “ಒಲೆ ಆರಿಸಮ್ಮ” ಅಂದರೂ ಸುದ್ದಿಯಕ್ಕನ ಒಳಗೆ ಅದು ದೇಶದ ಗಡಿಯಲ್ಲಿ ಏನೋ ನಡೆದ ಗಾಂಭೀರ್ಯದಲ್ಲಿ ಮೊಳಗುತ್ತಿತ್ತು.

ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಆದರೆ ತುಟಿಗಳು ಮೋಸ ಮಾಡುತ್ತವೆ. ಪ, ಬ, ಮ ಮೂರೂ ಕಣ್ಣಿಗೆ ಒಂದೇ. ಮದುವೆಯಾದ ಹೊಸತರಲ್ಲಿ ಅತ್ತೆ “ಮಾತ್ರೆ ಕೊಡು” ಅಂದರೆ ಇವಳು ಪಾತ್ರೆ ತಂದು ಕೊಟ್ಟಳು. ಸಣ್ಣದಾಯಿತೇನೋ ಎಂದು ಇನ್ನೂ ದೊಡ್ಡ ಪಾತ್ರೆ ತಂದಳು. ಇನ್ನೊಂದು ದಿನ “ಮಳೆ ಬಂತು!” ಎಂದು ಅತ್ತೆ ಕೂಗಿದರೆ, ಬಳೆ ಎಲ್ಲಿಂದ ಬಂತು ಎಂದು ಇವಳು ಬಾಗಿಲಿಗೆ ಓಡಿ ಮಾರುವವರಿಗಾಗಿ ಬೀದಿಯುದ್ದ ನೋಡುತ್ತ ನಿಂತಳು; ತಾರಸಿಯ ಮೇಲಿನ ಬಟ್ಟೆಯೆಲ್ಲ ತೊಪ್ಪೆಯಾಯಿತು. ಅತ್ತೆ ತಲೆ ತಲೆ ಚಚ್ಚಿಕೊಂಡು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಅತ್ತೆ ದಿನವಿಡೀ ಅವಳ ಜೊತೆ ಮಾತಾಡುತ್ತಲೇ ಇರುತ್ತಿದ್ದರು, ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಾಗಲೂ. “ಅವಳಿಗೆ ಕೇಳ್ಸಲ್ಲ ಅಂತ ನಾನ್ಯಾಕೆ ಬಾಯಿ ಮುಚ್ಕೊಂಡಿರ್ಲಿ?” ಎನ್ನುವುದು ಅವರ ವಾದ.

ಕಂಪನಿಗೆ ಸೇರುವ ಮೊದಲು ಅವಳು ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಡಬ್ಬದೊಳಗೆ ಇಡುವ ಮಡಿಕೆ ಕಾಗದಗಳನ್ನು ಬರೆಯುತ್ತಿದ್ದಳು. ಯಾರೂ ಓದದ ಬರಹ ಅದು. ಆಗ ಕಂಪನಿಯೆಂದರೆ ದರ್ಜಿಯ ಅಂಗಡಿಯ ಮೇಲಿನ ಒಂದು ಕೋಣೆ. ಹೊಲಿಗೆ ಯಂತ್ರ ಓಡಿದಾಗಲೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು, ಆ ನಡುಕ ಅವಳ ಅಂಗಾಲಿಗೆ ಹಿತವಾಗಿತ್ತು. ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕೂತವಳು ಕಂಪನಿಯ ಮೊದಲ ಎಂಜಿನಿಯರ್, ಸಣಕಲು ಹುಡುಗಿ. ಸದಾ ಉಗುರು ಕಚ್ಚುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಇಲಿಮರಿ.

“ನನಗೆ ಕಿವಿ ಕೇಳಲ್ಲ,” ಎಂದಳು ಸುದ್ದಿಯಕ್ಕ. “ತುಟಿ ನೋಡಿ ಅರ್ಥ ಮಾಡ್ಕೋತೀನಿ. ನೀವು ಬಾಯಿಂದ ಕೈ ತೆಗೆದ್ರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ.”

ಇಲಿಮರಿ ನಕ್ಕು, ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹಾಗೆ ಬಹಳ ಹೊತ್ತು ಕೂರಲಾಗಲಿಲ್ಲ. “ಇರಿ, ಇದರಲ್ಲೇ ಮಾತಾಡೋಣ,” ಎಂದು ಒಂದು ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿ, ಇನ್ನೊಂದನ್ನು ತಾನು ಎಳೆದುಕೊಂಡಳು.

ಬಿಳಿಯ ಪುಟದ ಮೇಲೆ ಎರಡು ಸಣ್ಣ ಗೆರೆಗಳು ಮಿನುಗುತ್ತಿದ್ದವು. ನೀಲಿ ಗೆರೆ ಇಲಿಮರಿಯದು, ಹಳದಿ ಇವಳದು. ನೀಲಿ ಗೆರೆ ಓಡಿತು, ಹಿಂದೆ ಅಕ್ಷರಗಳು ಬಿದ್ದವು. ನಿಂತಿತು, ಯೋಚಿಸಿತು, ಒಂದು ಪದ ನುಂಗಿತು, ಮತ್ತೆ ಓಡಿತು. ಸುದ್ದಿಯಕ್ಕನಿಗೆ ಮೈ ಜುಮ್ಮೆಂದಿತು. ಒಬ್ಬರು ಉಸಿರೆಳೆದುಕೊಳ್ಳುವುದು, ತಡವರಿಸುವುದು, ಮಾತು ನುಂಗುವುದು ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಜ್ವರ ಬಿಟ್ಟ ದಿನದಿಂದ ಯಾರ ಮಾತೂ ಅವಳಿಗೆ ಹೀಗೆ ಇಡಿಯಾಗಿ ಸಿಕ್ಕಿರಲಿಲ್ಲ.

ಆ ಒಂದು ಕೋಣೆಯ ಕಾಲ ಅವಳ ಪಾಲಿಗೆ ಕನಸಿನ ಹಾಗೆ ಕಳೆಯಿತು. ತಾವು ಮಾಡಿದ್ದನ್ನು ತಾವೇ ಪರೀಕ್ಷಿಸಬೇಕಲ್ಲ, ಅದಕ್ಕೆ ಅಕ್ಕಪಕ್ಕ ಕೂತವರೂ ಪುಟದ ಮೇಲೆಯೇ ಮಾತಾಡುತ್ತಿದ್ದರು. ಟೀ ಬೇಕಾ ಅನ್ನುವುದೂ ಪುಟದ ಮೇಲೆ, ಕಾಲೆಳೆಯುವುದೂ ಅಲ್ಲೇ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲೆ ಮಲಗಿರುವಾಗ, ನೀಲಿ, ಹಸಿರು, ಕೆಂಪು, ನೇರಳೆ ಗೆರೆಗಳು ತಿಳಿನೀರಿನ ಮೀನುಗಳಂತೆ ಪುಟದಲ್ಲಿ ಸುಳಿಯುವುದನ್ನು ನೋಡುತ್ತ ಅವಳು ಕೆಲಸ ಮರೆಯುತ್ತಿದ್ದಳು. ಯಾರ ಗೆರೆ ಹೇಗೆ ನಡೆಯುತ್ತದೆ ಎಂದು ಅವಳಿಗೆ ತಿಳಿದಿತ್ತು. ಹಸಿರಿನವನು ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದ ದಿನ ಗೆರೆ ತಪ್ಪು ತಪ್ಪಾಗಿ ಎಡವುತ್ತಿತ್ತು. ಇಲಿಮರಿಗೆ ಹೊಸ ಉಪಾಯ ಹೊಳೆದರೆ ನೀಲಿ ಗೆರೆ ಮೊದಲು ಒಂದೇ ಜಾಗದಲ್ಲಿ ನಿಂತು ನಡುಗಿ, ಆಮೇಲೆ ಹಿಡಿಯಲಾರದಷ್ಟು ಜೋರಾಗಿ ಓಡುತ್ತಿತ್ತು.

ಕಂಪನಿ ಬೆಳೆಯಿತು. ದರ್ಜಿಯ ಮೇಲಿನ ಕೋಣೆಯಿಂದ ಗಾಜಿನ ಗೋಡೆಗಳ ಮಹಡಿಗೆ, ಅಲ್ಲಿಂದ ಅದರ ಮೇಲಿನ ಮಹಡಿಗೂ ಹರಡಿತು. ಹೊಸ ಮುಖಗಳು ಬಂದವು. ಲಿಫ್ಟಿನಲ್ಲಿ ನಕ್ಕವರು ಯಾರೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಪುಟ ಬಳಸುವವರಿಂದ ಬೇಡಿಕೆಯೂ ಬಂತು: ಬರೆಯುವುದು ಸಾಕು, ಪುಟದ ಮೇಲೆಯೇ ಮಾತಾಡುವ ಹಾಗೆ ಮಾಡಿಕೊಡಿ. ಎಂಜಿನಿಯರುಗಳು ಮಾಡಿಕೊಟ್ಟರು. ಸುದ್ದಿ ಬರೆದವಳು ಅವಳೇ: “ಇನ್ನು ಪುಟಕ್ಕೆ ದನಿ ಬಂದಿದೆ. ಬೆರಳುಗಳಿಗೆ ಸ್ವಲ್ಪ ಬಿಡುವು ಕೊಡಿ.” ಅದನ್ನು ಮೆಚ್ಚಿ ಬಂದ ಪತ್ರಗಳನ್ನು ಆಫೀಸಿನ ಗೋಡೆಗೆ ಅಂಟಿಸಿದರು.

ಆ ಸಂಜೆ ಗಂಡ ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತ, ಅವಳ ಕಡೆ ಮುಖ ಮಾಡಿ ಕೇಳಿದ. “ನಿಮ್ಮ ಕಂಪನೀಲಿ ಈಗ ಮಾತು ಬಂದಿದೆಯಂತೆ?”

“ಹೂಂ.”

“ಮತ್ತೆ ನೀನು?”

“ನಾನೇನು? ಬರೆದು ಹಾಕಿದ್ದಾಯ್ತು.”

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಒಲೆಯ ಕಡೆ ತಿರುಗಿಕೊಂಡಳು. ಬೇಡದ ಮಾತಿನಿಂದ ತಪ್ಪಿಸಿಕೊಳ್ಳಲು ಅವಳಿಗಿದ್ದ ಅನುಕೂಲ ಅದೊಂದು.

ಮೀಟಿಂಗುಗಳೆಲ್ಲ ಮಾತಾದವು. ಪುಟಗಳು ಖಾಲಿ ಬಿದ್ದವು, ಗೆರೆಗಳು ಮೂಲೆಯಲ್ಲಿ ತೂಕಡಿಸಿದವು. ಸ್ಕ್ರೀನಿನ ಮೇಲೆ ಅಂಚೆಚೀಟಿಯಷ್ಟು ಮುಖಗಳು, ಅದರಲ್ಲಿ ಅಕ್ಕಿಕಾಳಿನಷ್ಟು ತುಟಿಗಳು. ಮಾತನ್ನು ತಾನೇ ಅಕ್ಷರ ಮಾಡಿ ತೋರಿಸುವ ಯಂತ್ರವೊಂದಿತ್ತು. ಅದು “ಸರ್ವರ್ ಸುಸ್ತಾಗಿದೆ” ಅಂದರೆ “ಸರ್ವರೂ ಸುಸ್ತಾಗಿದ್ದಾರೆ” ಎಂದು ತೋರಿಸುತ್ತಿತ್ತು; ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರೆ ಕೈಚೆಲ್ಲಿ ಕೂರುತ್ತಿತ್ತು. ಮೊದಮೊದಲು ಅವಳು “ಏನಂದ್ರಿ?” ಎಂದು ಕೇಳುತ್ತಿದ್ದಳು. “ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ” ಎನ್ನುತ್ತಿದ್ದರು. ಅವಳಿಗೆ ಜಗತ್ತಿನಲ್ಲಿ ಆಗದ ಮಾತೊಂದಿದ್ದರೆ ಇದೇ. ಆ ಆಮೇಲೆ ಯಾವತ್ತೂ ಬರುವುದಿಲ್ಲವೆಂದು ಚಿಕ್ಕಂದಿನಿಂದ ಗೊತ್ತಿತ್ತು. ಕೇಳಿ ಕೇಳಿ ಬೇಸತ್ತು ಕೇಳುವುದನ್ನೇ ಬಿಟ್ಟಳು. ಎಲ್ಲರೂ ನಕ್ಕರೆ ನಕ್ಕಳು, ಯಾರಾದರೂ ನೋಡಿದರೆ ತಲೆಯಾಡಿಸಿದಳು. ತಲೆಯಾಡಿಸುವುದು ಬಲು ಸುಲಭ. ಆಡಿಸುತ್ತ ಆಡಿಸುತ್ತ ಹಾಗೇ ಕಿಟಕಿಯಾಚೆ ತೇಲಿಹೋಗಬಹುದು. ಎದುರು ಕಟ್ಟಡದ ತಾರಸಿಯಲ್ಲಿ ಒಣಹಾಕಿದ ಹಾಸಿಗೆಯ ಬಟ್ಟೆಗಳು ಗಾಳಿಗೆ ಹೊಟ್ಟೆಯುಬ್ಬಿಸಿಕೊಂಡು ಹಡಗುಗಳಾಗುತ್ತಿದ್ದವು. ಅವಳು ಅವುಗಳಲ್ಲೊಂದನ್ನು ಹತ್ತಿ ಹೋಗಿ, ಮೀಟಿಂಗು ಮುಗಿಯುವ ಹೊತ್ತಿಗೆ ವಾಪಸು ಬರುತ್ತಿದ್ದಳು.

ಎಂಜಿನಿಯರುಗಳ ಮೇಲಧಿಕಾರಿಯಾಗಿ ಹೊಸದಾಗಿ ಒಬ್ಬರು ಬಂದರು. ಎತ್ತರದ ಆಳು, ಒಳ್ಳೆಯವರೆಂದೇ ಹೆಸರು. ಅವರ ಮೀಸೆ ಮಾತ್ರ ಮೂಗಿನಿಂದ ಹೊರಟು ತುಟಿಗಳೆರಡನ್ನೂ ಮುಚ್ಚಿ ಗಲ್ಲದ ಕಡೆ ಇಳಿದಿತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು ಮೀಸೆ ಎನ್ನುತ್ತಿದ್ದರು. ಸುದ್ದಿಯಕ್ಕ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಆ ಪೊದೆಯೊಳಗಿಂದ ಒಂದು ಅಕ್ಷರವೂ ಆಚೆ ಬರಲಿಲ್ಲ. ಅವರಿಗೆ ಕೊಡಲು ಅವಳ ಬಳಿ ದನಿಯೂ ಉಳಿದಿರಲಿಲ್ಲ.

ಒಂದು ಮೀಟಿಂಗಿನಲ್ಲಿ ಮೀಸೆ ಎಲ್ಲರಿಗೂ ಬೆನ್ನು ಮಾಡಿ ಬೋರ್ಡಿನ ಮೇಲೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೀಟು ಎಳೆದು, ಬೋರ್ಡನ್ನು ಜೇಡರಬಲೆ ಮಾಡಿದರು. ತಿರುಗಿ ಒಬ್ಬೊಬ್ಬರನ್ನೇ ಏನೋ ಕೇಳಿದರು. ಇವಳ ಸರದಿ ಬಂದಾಗ ಇವಳು ಹಡಗಿನ ಮೇಲಿದ್ದಳು. ಮೀಸೆ ಅಲುಗಿತು. ಇವಳು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳ ಮೇಜಿಗೆ ಕೆಲಸ ಬಂತು. “ನಿನ್ನೆ ಎಲ್ಲರೂ ಒಪ್ಪಿದಂತೆ, ಪುಟದ ಬಣ್ಣದ ಗೆರೆಗಳನ್ನು ತೆಗೆಯುತ್ತಿದ್ದೇವೆ. ಬಳಸುವವರಿಗೆ ಬೇಸರವಾಗದ ಹಾಗೆ ಸುದ್ದಿ ಬರೆಯಲು ಸುದ್ದಿಯಕ್ಕ ಒಪ್ಪಿದ್ದಾರೆ.”

ಬೇರೆಯವರ ಗೆರೆಗಳು ಕಾಣದ ಪುಟವನ್ನು ಅವಳು ಕಣ್ಣ ಮುಂದೆ ತಂದುಕೊಂಡಳು. ಅಕ್ಷರಗಳು ಬರುತ್ತವೆ, ಬರುವವರು ಕಾಣುವುದಿಲ್ಲ. ಜ್ವರ ಬಿಟ್ಟ ದಿನ ಅಮ್ಮನ ಬಾಯಿ ಆಡುತ್ತಿತ್ತು, ಮಾತಿರಲಿಲ್ಲ. ಈಗ ಮಾತಿದೆ, ಬಾಯಿಯೇ ಇಲ್ಲ. ಇದಕ್ಕೆ ತಾನೇ ತಲೆಯಾಡಿಸಿ ಬಂದಿದ್ದಾಳೆ.

ಕೆಲಸವೆಂದರೆ ಕೆಲಸ. ಅವಳು ಕಾರಣಗಳನ್ನು ಓದಿದಳು. ಮೀಸೆಯ ಕಾರಣ ಸುಳ್ಳೇನಲ್ಲ. ಕಂಪನಿಯವರೆಲ್ಲ ನೋಡಬಹುದಾದ ಕರಡು ಪುಟ ತೆರೆದು ಬರೆಯತೊಡಗಿದಳು: “ಒಂದು ದೊಡ್ಡ ಸಭಾಂಗಣ ಎಂದುಕೊಳ್ಳಿ. ಅಲ್ಲಿರುವ ಪ್ರತಿಯೊಬ್ಬರೂ ಹೆಜ್ಜೆ ಇಟ್ಟಾಗಲೆಲ್ಲ ಉಳಿದ ಎಲ್ಲರ ಬಳಿಗೂ ಓಡಿಹೋಗಿ, ನಾನು ಹೆಜ್ಜೆಯಿಟ್ಟೆ ಎಂದು ಹೇಳಿ ಬರಬೇಕು. ಹತ್ತು ಜನರಿದ್ದರೆ ಚೆಂದ. ಸಾವಿರ ಜನರಾದರೆ ಓಡಾಟದಲ್ಲೇ ಎಲ್ಲರೂ ಏದುಸಿರು ಬಿಡುತ್ತಾರೆ. ನಮ್ಮ ಸರ್ವರುಗಳು ಈಗ ಹಾಗೆ ಏದುಸಿರು ಬಿಡುತ್ತಿವೆ. ಆದ್ದರಿಂದ ಗೆರೆಗಳಿಗೆ ವಿದಾಯ ಹೇಳುತ್ತಿದ್ದೇವೆ.”

ಓದಿ ನೋಡಿದಳು. ಚೆನ್ನಾಗಿತ್ತು. ಚೆನ್ನಾಗಿದ್ದುದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದಳು:

“ಇದಕ್ಕೆ ನಾನು ಒಪ್ಪಲಿಲ್ಲ. ತಲೆಯಾಡಿಸಿದೆ ಅಷ್ಟೆ. ನಿನ್ನೆ ಯಾರು ಏನು ಹೇಳಿದರೆಂದು ನನಗೆ ತಿಳಿಯಲಿಲ್ಲ. ಬಹಳ ದಿನದಿಂದ ತಿಳಿಯುತ್ತಿಲ್ಲ.”

ಅಳಿಸಿಬಿಡೋಣ ಎಂದು ಬೆರಳು ಇಡುವಷ್ಟರಲ್ಲಿ ಪುಟದ ಮೂಲೆಯಲ್ಲಿ ನೀಲಿ ಗೆರೆ ಮಿನುಗಿತು. ಸಾಲಿನ ತುದಿಗೆ ಬಂದು ನಿಂತಿತು. ನಡುಗಿತು.

“ಯಾವಾಗಿನಿಂದ?” ಎಂದು ಇಲಿಮರಿ ಬರೆದಳು.

“ಪುಟಕ್ಕೆ ದನಿ ಬಂದಾಗಿನಿಂದ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಬೇಕು ಅಂತ ಎರಡು ಸಲ ಬಂದೆ. ಎರಡು ಸಲವೂ ನೀನು ಬಾಯಲ್ಲಿ ಉಗುರಿಟ್ಟುಕೊಂಡು ಬೇರೆಯವರ ಜೊತೆ ಮಾತಾಡುತ್ತಿದ್ದೆ. ವಾಪಸು ಹೋದೆ.”

ಅಷ್ಟರಲ್ಲಿ ಹಸಿರು ಬಂತು. ನೇರಳೆ ಬಂತು. ಸುದ್ದಿಯಕ್ಕನಿಗೆ ಪರಿಚಯವಿಲ್ಲದ ಬಣ್ಣಗಳೂ ಬಂದು, ಬಾಗಿಲಲ್ಲಿ ಇಣುಕುವವರ ಹಾಗೆ ಪುಟದ ಅಂಚಿನಲ್ಲಿ ನಿಂತವು. ಕೊನೆಗೆ ಬೂದು ಬಣ್ಣದ ಗೆರೆಯೊಂದು ಇಳಿದು ಬಂತು. ಬರೆಯಿತು, ಅಳಿಸಿತು, ಬರೆಯಿತು, ಅಳಿಸಿತು. ಮೀಸೆಯ ಗೆರೆ ಅದು. ಅವರು ತಡವರಿಸುವುದನ್ನು ಅವಳು ಮೊದಲ ಬಾರಿ ನೋಡುತ್ತಿದ್ದಳು.

“ನಾನು ಎಷ್ಟೋ ಸಲ ನಿಮ್ಮನ್ನು ಮಾತಾಡಿಸಿದ್ದೇನೆ,” ಎಂದು ಬಂತು ಕೊನೆಗೆ. “ನೀವು ಸುಮ್ಮನೆ ಹೋಗುತ್ತಿದ್ದಿರಿ. ತುಟಿ ನೋಡಿ ಎಲ್ಲ ತಿಳಿಯುತ್ತೀರಿ ಎಂದು ಕೇಳಿದ್ದೆ; ಅದಕ್ಕೇ ನಿಮಗೆ ಜಂಬ ಎಂದುಕೊಂಡಿದ್ದೆ.”

“ನಿಮಗೆ ತುಟಿಯೇ ಇಲ್ಲ ಎಂದುಕೊಂಡಿದ್ದೆ ನಾನು,” ಎಂದು ಅವಳು ಬರೆದಳು.

ಮೊದಲು ಹಸಿರು “ಹಹಹ” ಎಂದಿತು, ನೇರಳೆ “ಹಹಹಹ” ಎಂದಿತು. ಬೂದು ಗೆರೆ ತಡಮಾಡಿ ಒಂದು “ಹ” ಸೇರಿಸಿತು. ಅವಳು ತಲೆಯೆತ್ತಿ ನೋಡಿದರೆ, ಗಾಜಿನ ಗೋಡೆಯಾಚೆ ಜನ ನಿಜವಾಗಿಯೂ ಭುಜ ಕುಣಿಸಿ ನಗುತ್ತಿದ್ದರು. ಈ ಸಲ ಯಾಕೆ ನಗುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ಅದಾದ ಮೇಲೆ ನಿಜವಾದ ವಾದ ಶುರುವಾಯಿತು, ಪುಟದ ಮೇಲೆಯೇ. ದೊಡ್ಡ ಪುಟಗಳಲ್ಲಿ ಗೆರೆ ಬೇಡ, ಕೆಲವೇ ಜನ ಇರುವ ಪುಟಗಳಲ್ಲಿ ಇರಲಿ ಎಂದಳು ಇಲಿಮರಿ. ಎರಡು ಬಗೆ ಮಾಡಿದರೆ ಕೆಟ್ಟಾಗ ಎರಡೆರಡು ಸಲ ರಿಪೇರಿ, ಯಾರು ಮಾಡುತ್ತೀರಿ ಎಂದರು ಮೀಸೆ. ನಾನು ಮಾಡುತ್ತೇನೆ ಎಂದಳು ಇಲಿಮರಿ. ನೀನೊಬ್ಬಳೇ ಏನೇನು ಮಾಡುತ್ತೀಯ, ಈಗಾಗಲೇ ಬೆರಳಿನ ತುದಿ ಉಳಿದಿಲ್ಲ ಎಂದಿತು ಹಸಿರು. ಸುದ್ದಿಯಕ್ಕ ತನಗನ್ನಿಸಿದ್ದನ್ನು ಬರೆದಳು: ಗೆರೆ ಅಂದರೆ ಅಲಂಕಾರ ಅಲ್ಲ, ಎದುರಿಗೆ ಕೂತ ಮುಖ; ಅದು ಕಾಣದೆ ಹೋದರೆ ತಾನು ಗೋಡೆಯ ಜೊತೆ ಮಾತಾಡಿದ ಹಾಗೆ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಕೊನೆಗೆ ಇಲಿಮರಿಯ ಮಾತೇ ನಿಂತಿತು, ಆದರೆ ಪೂರ್ತಿಯಲ್ಲ: ಜನ ಹೆಚ್ಚಾದ ಕೂಡಲೇ ಗೆರೆಗಳು ಕರಗಿ ಪುಟದ ಅಂಚಿನಲ್ಲಿ ಬರೀ ಬಣ್ಣದ ಬೊಟ್ಟುಗಳಾಗುತ್ತವೆ. ದೊಡ್ಡ ಪುಟಗಳನ್ನು ಕಳೆದುಕೊಂಡದ್ದು ಅವಳಿಗೆ ಸಣ್ಣ ನೋವಾಗಿಯೇ ಉಳಿಯಿತು.

ಮುಂದಿನ ವಾರ ಮೊದಲ ದಿನವೇ ಮೀಸೆ ಮೀಸೆಯಿಲ್ಲದೆ ಬಂದರು. ಆಫೀಸಿಗೆ ಆಫೀಸೇ ಬಾಯಿ ಬಿಟ್ಟುಕೊಂಡು ನೋಡಿತು. ತುಟಿಯ ಮೇಲೆ ಬಿಸಿಲು ಕಾಣದ ಬಿಳಿಯ ಪಟ್ಟಿ, ಪಾಪ, ಪರೀಕ್ಷೆಗೆ ಬಂದ ಹುಡುಗನ ಹಾಗೆ ಕಾಣುತ್ತಿದ್ದರು. ನೆಟ್ಟಗೆ ಸುದ್ದಿಯಕ್ಕನ ಮುಂದೆ ಬಂದು ನಿಂತು ಏನೋ ಹೇಳಿದರು. ಅವಳು ನೋಡಿದಳು. ತುಟಿಗಳಿದ್ದವು, ತೆಳ್ಳಗಿನ ಎರಡು ಗೆರೆಗಳು. ಆದರೆ ಮಾತಾಡುವಾಗ ಅವು ಅಲುಗುತ್ತಲೇ ಇರಲಿಲ್ಲ. ಮನುಷ್ಯ ಹುಟ್ಟಿನಿಂದಲೇ ಹಲ್ಲು ಬಿಡದೆ ಮಾತಾಡುವವರು. ಹಳೆಯ ಅಭ್ಯಾಸದಂತೆ ಅವಳ ತಲೆ ಆಡಲು ಹೊರಟಿತು. ಹಿಡಿದು ನಿಲ್ಲಿಸಿದಳು.

“ಗೊತ್ತಾಗಲಿಲ್ಲ,” ಎಂದಳು. “ಬರೀರಿ.”

ಎಷ್ಟು ಜೋರಾಗಿ ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯುವುದಿಲ್ಲವಲ್ಲ. ಪಕ್ಕದ ಮೇಜಿನವನು ಬೆಚ್ಚಿ ಟೀ ಚೆಲ್ಲಿಕೊಂಡ. ಅವರು ಅವಳ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದು ತೋರಿಸಿದರು: “ಹೆಂಡತಿ ಗುರುತು ಹಿಡಿಯಲಿಲ್ಲ.” ಮೀಸೆ ಮತ್ತೆ ಬೆಳೆಯಿತು. ಸುದ್ದಿಯಕ್ಕನೇ ಬೆಳೆಸಿಕೊಳ್ಳಿ ಎಂದಳು.

ಮೀಟಿಂಗಿನಲ್ಲಿ ಮಾತು ನಿಲ್ಲಲಿಲ್ಲ. ಆದರೆ ಆಡಿದ ಮಾತನ್ನೆಲ್ಲ ಸರದಿಯ ಮೇಲೆ ಒಬ್ಬರು ಪುಟದ ಮೇಲೆ ಬರೆಯಬೇಕೆಂದು ಗೊತ್ತು ಮಾಡಿದರು. ಕೆಲವರು ಗೊಣಗಿದರು, ಕೆಲವರು ಮರೆತರು. ಮರೆತಾಗ ಸುದ್ದಿಯಕ್ಕ ಕೈಯೆತ್ತುತ್ತಿದ್ದಳು. ಕೈ ಎತ್ತುವುದು ಅವಳಿಗೆ ಇಂದಿಗೂ ಸುಲಭವಲ್ಲ. ಒಂದೊಂದು ದಿನ ಎತ್ತದೆ ಹಡಗು ಹತ್ತಿಬಿಡುವುದೂ ಉಂಟು.

ಈ ಉತ್ಸಾಹದಲ್ಲಿ ಅವಳು ಮನೆಯಲ್ಲೂ ಒಂದು ಪುಟ ತೆರೆದು ಅತ್ತೆಯನ್ನು ಕೂರಿಸಿದಳು. ಅತ್ತೆ ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಬೆಳಗಿನ ಸಾರಿಗೆ ಉಪ್ಪು ಹೆಚ್ಚಾದ ವಿಷಯ ಬರೆಯತೊಡಗಿದರು. ಕಿತ್ತಳೆ ಬಣ್ಣದ ಗೆರೆ ಒಂದೊಂದೇ ಅಕ್ಷರಕ್ಕೆ ತಡವರಿಸುತ್ತ, ಗುಡ್ಡ ಹತ್ತುವವರ ಹಾಗೆ ನಡೆಯಿತು. ಅರ್ಧ ಸಾಲಿಗೇ ಅವರು ಕೈ ತೆಗೆದು ಸೊಸೆಯ ಕಡೆ ತಿರುಗಿದರು.

“ಇದು ನನಗೆ ಬೇಡಮ್ಮ. ಬರೆಯೋ ಹೊತ್ತಿಗೆ ಕೋಪಾನೇ ಹೋಗ್ಬಿಡುತ್ತೆ,” ಎಂದು ಎದ್ದು ಹೋಗಿ ನಲ್ಲಿ ತಿರುಗಿಸಿ, ಬೆನ್ನು ಮಾಡಿಕೊಂಡು ಉಳಿದರ್ಧವನ್ನು ಬಾಯಲ್ಲೇ ಮುಗಿಸಿದರು.

ಗೆರೆಗಳ ಸುದ್ದಿ ಪ್ರಕಟವಾಯಿತು. ಬಣ್ಣಗಳು ಕಣ್ಣು ಕುಕ್ಕುತ್ತವೆ, ಪೂರ್ತಿ ತೆಗೆಯಿರಿ ಎಂದು ಕೆಲವರು ಬರೆದರು. ಭೂಗೋಳ ಕಲಿಸುವ ಮೇಷ್ಟರೊಬ್ಬರು, ತಮ್ಮ ಮಕ್ಕಳ ಗೆರೆಗಳು ಎಲ್ಲಿ ಬಂದು ನಿಂತುಬಿಡುತ್ತವೆ ಎಂದು ನೋಡಿ ಪಾಠ ತಿದ್ದಿಕೊಳ್ಳುವುದಾಗಿಯೂ, ಉಳಿಸಿದ್ದಕ್ಕೆ ಖುಷಿಯಾಯಿತೆಂದೂ ಬರೆದರು. ಅವಳು ಎರಡೂ ಬಗೆಯವರಿಗೆ ಉತ್ತರ ಕೊಟ್ಟಳು.

ಆ ವರ್ಷ ಸುದ್ದಿ ಬರೆಯಲು ಇನ್ನಿಬ್ಬರು ಬಂದರು, ಇಬ್ಬರನ್ನೂ ಅವಳ ಕೈಕೆಳಗೆ ಹಾಕಿದರು. ಅವರಿಗೆ ಅವಳು ಕಲಿಸಿದ್ದು ಹೆಚ್ಚೇನಿಲ್ಲ: ನಿಮಗೆ ಅರ್ಥವಾಗದ್ದನ್ನು ಅರ್ಥವಾದ ಹಾಗೆ ಬರೆಯಬೇಡಿ. ಮುಂದಿನ ವಾರದ ಸುದ್ದಿ ದೊಡ್ಡದೇನಲ್ಲ, ಪುಟದಲ್ಲಿ ಹಾಕುವ ಕೋಷ್ಟಕಗಳ ಗೀಟುಗಳನ್ನು ಇನ್ನು ದಪ್ಪ ಮಾಡಬಹುದು ಎನ್ನುವುದು ಅಷ್ಟೇ. ಹೊಸಬರಲ್ಲಿ ಒಬ್ಬಳು ಬರೆಯುತ್ತಿದ್ದಳು. ಅವಳ ಗುಲಾಬಿ ಗೆರೆ ಒಂದು ಪದದ ಮುಂದೆ ನಿಂತು, ಹಿಂದೆ ಸರಿದು, ಮತ್ತೆ ಬಂದು ನಿಂತಿತು. ಹೊರಗೆ ಮೋಡ ಕವಿದು ಗಾಜಿನ ಗೋಡೆಗಳೆಲ್ಲ ಹಾಲಿನ ಬಣ್ಣಕ್ಕೆ ತಿರುಗಿದ್ದವು. ಸುದ್ದಿಯಕ್ಕ ತನ್ನ ಗೆರೆಯನ್ನು ಗುಲಾಬಿಯ ಪಕ್ಕಕ್ಕೆ ತಂದು ನಿಲ್ಲಿಸಿ, ಏನನ್ನೂ ಬರೆಯದೆ, ಆ ಹುಡುಗಿಗೆ ಪದ ಸಿಗುವವರೆಗೆ ಕಾದಳು.